ನನ್ನ ಅತ್ತೆ, ಫ್ರಿಜ್ಜಿನ ಬಾಗಿಲು ಮತ್ತು ಕೊರಿಯಾದ ಗೆಣಸಿನ ದೋಸೆ

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಹನ್ನೆರಡು ವರ್ಷ ನನ್ನ ಜೊತೆ ಒಂದೇ ಒಂದು ಮಾತು ಆಡಲಿಲ್ಲ. ಹೀಗೆಂದು ಹೇಳಿದಾಗಲೆಲ್ಲ ಮದುವೆಯಾದ ಗೆಳೆಯರು ಎದ್ದು ಬಂದು ನನ್ನ ಕೈ ಕುಲುಕುತ್ತಾರೆ. 'ಯಾವ ಜನ್ಮದ ಪುಣ್ಯವಯ್ಯಾ ಇದು' ಎಂದು ಕಣ್ಣು ಒರೆಸಿಕೊಂಡವರೂ ಇದ್ದಾರೆ. ಅವರ ಸಂಭ್ರಮ ಕೆಡಿಸಲು ಮನಸ್ಸು ಬಾರದೆ ನಾನು ಸುಮ್ಮನಿರುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ನಮ್ಮ ನಡುವೆ ಮುನಿಸಿರಲಿಲ್ಲ, ಜಗಳವಿರಲಿಲ್ಲ. ಅವರಿಗೆ ಮಾತು ಬಾರದೆಯೂ ಅಲ್ಲ. ಮೈಸೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಬಸ್ಸಿನಲ್ಲಿ ಪಕ್ಕ ಕೂತವರ ಮೂರು ತಲೆಮಾರಿನ ಕಥೆಯನ್ನು ಮುಂದಿನ ಸ್ಟಾಪ್ ಬರುವುದರೊಳಗೆ ಹೊರಗೆಳೆಯಬಲ್ಲವರು. ಮಾತಿಲ್ಲದಿದ್ದದ್ದು ನನ್ನೊಬ್ಬನ ಜೊತೆ. ಏಕೆಂದರೆ, ನಗಬೇಡಿ, ನಾನು ವಿಷ್ಣು.

ಧಾರೆಯ ದಿನ ಪುರೋಹಿತರು 'ಅಳಿಯ ಅಂದ್ರೆ ಸಾಕ್ಷಾತ್ ಮಹಾವಿಷ್ಣು' ಎಂದು ಹೇಳಿ ಅತ್ತೆ ಮಾವನಿಂದ ನನ್ನ ಕಾಲು ತೊಳೆಸಿದರು. ಎಲ್ಲ ಮದುವೆಗಳಲ್ಲೂ ಹೇಳುವ ಮಾತು ಅದು. ಮಾವನವರು ಕಾಲು ಒರೆಸಿದ ಟವೆಲ್ಲಿನ ಜೊತೆಗೇ ಅದನ್ನು ಮರೆತರು. ಅತ್ತೆ ಮರೆಯಲಿಲ್ಲ. ಅಂದಿನಿಂದ ನನ್ನನ್ನು ದೇವರಂತೆಯೇ ನಡೆಸಿಕೊಂಡರು. ಎದುರು ಕೂರುವುದಿಲ್ಲ, ನೇರ ಮಾತಾಡುವುದಿಲ್ಲ, ಹೊತ್ತು ಹೊತ್ತಿಗೆ ನೈವೇದ್ಯ ಇಟ್ಟು ಹಿಂದೆ ಸರಿಯುತ್ತಾರೆ. ಅವರ ತಾಯಿಯೂ ಅಳಿಯಂದಿರ ಜೊತೆ ಹಾಗೇ ಇದ್ದರಂತೆ. ದೇವರಾದವನು ಏನು ಮಾಡಬೇಕು? ಇಟ್ಟದ್ದನ್ನು ತಿಂದು, ಕೇಳಿದ್ದಕ್ಕೆಲ್ಲ 'ಹೂಂ' ಎನ್ನಬೇಕು. ಹನ್ನೆರಡು ವರ್ಷದಲ್ಲಿ ನನ್ನ ಆ 'ಹೂಂ' ಎಷ್ಟು ಪಳಗಿತ್ತೆಂದರೆ, ಪ್ರಶ್ನೆ ಮುಗಿಯುವ ಮೊದಲೇ ಬಾಯಿಂದ ತಾನೇ ಬಿದ್ದುಹೋಗುತ್ತಿತ್ತು. ಈ ಹೂಂ ಅನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೈಸೂರಿನ ಮನೆಯಲ್ಲಿ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಅಡುಗೆಮನೆಗೆ ಬಾಗಿಲಿತ್ತು, ಬಾಗಿಲಿಗೆ ಹಿಂಬದಿಯಿತ್ತು. ಅತ್ತೆ ಅಲ್ಲಿ ನಿಂತು ಯಾರಿಗೋ ಹೇಳುವಂತೆ ಹೇಳಬೇಕಾದ್ದನ್ನು ಹೇಳುತ್ತಿದ್ದರು. ತೊಂದರೆ ಶುರುವಾದದ್ದು ಅವರು ಮಲೇಷ್ಯಾದ ಪೆನಾಂಗಿಗೆ ಬಂದಾಗ. ನಾನು ಅಲ್ಲಿಯ ಬಯಾನ್ ಲೆಪಾಸಿನ ಒಂದು ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರು, ಹೆಂಡತಿ ಡಾಕ್ಟರು, ಮೆಡಿಕಲ್ ಕಾಲೇಜಿನಲ್ಲಿ ಲೆಕ್ಚರರು. ನಮ್ಮದು ಹನ್ನೊಂದನೇ ಮಹಡಿಯ ಕಾಂಡೋ, ಅಂದರೆ ಫ್ಲ್ಯಾಟು. ಮಾವನವರು ತೀರಿಕೊಂಡ ಮರುವರ್ಷ, ಮೊಮ್ಮಗಳ ಜೊತೆ ಎರಡು ತಿಂಗಳು ಇದ್ದು ಹೋಗಲೆಂದು ಅತ್ತೆಯನ್ನು ಕರೆಸಿಕೊಂಡೆವು. ಅವರು ಬಂದರು, ಹಿಂದೆಯೇ ಕೊರೋನಾ ಬಂತು, ವಿಮಾನ ನಿಂತಿತು. ನಮ್ಮ ಮನೆಯದು ಓಪನ್ ಕಿಚನ್. ಬಾಗಿಲೇ ಇಲ್ಲ! ಸೋಫಾದಲ್ಲಿ ಕೂತ ವಿಷ್ಣುವಿಗೆ ಒಲೆ ಮುಂದೆ ನಿಂತ ಅತ್ತೆ ಇಡಿಯಾಗಿ ಕಾಣುತ್ತಾರೆ. ಮೊದಲ ದಿನ ಅವರು ಸೆರಗು ಹಿಡಿದುಕೊಂಡು ಅಡುಗೆಮನೆಯನ್ನು ಎರಡು ಸುತ್ತು ಹಾಕಿದರು. ನಿಲ್ಲಲು ಒಂದು ಮರೆ ಬೇಕಲ್ಲ? ಕೊನೆಗೆ ಫ್ರಿಜ್ಜಿನ ಬಾಗಿಲು ತೆಗೆದು ಅದರ ಹಿಂದೆ ನಿಂತರು.

"ಸಂಜೆಗೆ ಚಪಾತಿ ಮಾಡೋಣ ಅಂತ" ಎಂದಿತು ಫ್ರಿಜ್ಜು.

"ಹೂಂ" ಎಂದೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಬಾಗಿಲ ಕೆಳಗೆ ಎರಡು ಪಾದ, ಮೇಲೆ ನರೆತ ಕೂದಲಿನ ಒಂದಿಷ್ಟು ತುದಿ, ನಡುವಿನಿಂದ ಮಾತು. ನಮ್ಮ ಫ್ರಿಜ್ಜಿಗೂ ಒಂದು ಚಾಳಿ ಇತ್ತು. ಬಾಗಿಲು ಒಂದು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ 'ಟೀಂ ಟೀಂ' ಎಂದು ಕೂಗಿಕೊಳ್ಳುತ್ತಿತ್ತು. ಹಾಗಾಗಿ ಅತ್ತೆಯ ಮಾತೆಲ್ಲ ಒಂದು ನಿಮಿಷದೊಳಗೆ ಮುಗಿಯಲೇಬೇಕು. ದೊಡ್ಡ ವಿಷಯವಿದ್ದರೆ ಬಾಗಿಲು ಮುಚ್ಚಿ, ಮತ್ತೆ ತೆಗೆದು, ಎರಡನೇ ಕಂತಿನಲ್ಲಿ ಹೇಳುತ್ತಿದ್ದರು. ಎರಡೇ ವಾರದಲ್ಲಿ ಐಸ್‌ಕ್ರೀಮು ಪಾಯಸವಾಗಿತ್ತು.

ಪಕ್ಕದಲ್ಲಿ ಬೇರೆಯವರಿದ್ದರೆ ಫ್ರಿಜ್ಜಿಗೆ ರಜೆ. ಮಾತು ನನ್ನ ಹೆಂಡತಿಯ ಮೂಲಕ ಬರುತ್ತಿತ್ತು, ಅವಳಿಲ್ಲದಾಗ ಎಂಟು ವರ್ಷದ ಮಗಳು ಪುಟ್ಟಿಯ ಮೂಲಕ. ಪುಟ್ಟಿ ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಇಂಗ್ಲಿಷು, ಅದೂ ಮಾತಿನ ಕೊನೆಗೊಂದು 'ಲಾ' ಅಂಟಿಸುವ ಇಲ್ಲಿಯ ಇಂಗ್ಲಿಷು.

"ಪುಟ್ಟೀ, ನಿಮ್ಮಪ್ಪ ಇನ್ನೊಂದು ಲೋಟ ಕಾಫಿ ಕುಡೀತಾರಾ ಕೇಳು."

"ಅಪ್ಪಾ, ಅಜ್ಜಿ ಈಸ್ ಆಸ್ಕಿಂಗ್, ಕಾಫಿ ವಾಂಟ್ ಆರ್ ನಾಟ್?"

"ಬೇಡ ಅಂತ ಹೇಳು."

"ಅಜ್ಜೀ, ನೋ ನೀಡ್ ಲಾ."

ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಊಟದ ಮೇಜು. ಕೆಲವು ದಿನಗಳಲ್ಲೇ ಪುಟ್ಟಿ ತನ್ನ ಬೆಲೆ ಅರಿತುಕೊಂಡಳು. ಹತ್ತು ಸಂದೇಶಕ್ಕೆ ಅರ್ಧ ಗಂಟೆ ಕಾರ್ಟೂನು ಎಂದು ದರ ನಿಗದಿ ಮಾಡಿ, ಉದ್ದದ ವಾಕ್ಯಗಳನ್ನು ಎರಡೆಂದು ಲೆಕ್ಕ ಹಿಡಿದಳು.

ಹೀಗೆ ನಗುನಗುತ್ತಲೇ ಇದ್ದೆವು. ಅಷ್ಟರಲ್ಲಿ ಹೆಂಡತಿಗೆ ಆಸ್ಪತ್ರೆಯ ಡ್ಯೂಟಿ ಬಂತು. ಮನೆಗೆ ಸೋಂಕು ತರುವುದು ಬೇಡವೆಂದು ಅವಳು ಅಲ್ಲಿಯ ಕ್ವಾರ್ಟರ್ಸಿನಲ್ಲೇ ಉಳಿದಳು. ಮೂರನೇ ವಾರ ಅವಳಿಗೇ ಜ್ವರ ಬಂದು ವಾರ್ಡಿಗೆ ಸೇರಿಸಿಕೊಂಡರು. ಹೋಗಿ ನೋಡುವಂತಿಲ್ಲ. ಫೋನೊಂದೇ ದಾರಿ. ಐದನೇ ದಿನ ಅವಳಿಗೆ ರುಚಿ ಹೋಯಿತು, ವಾಸನೆ ಹೋಯಿತು, ಊಟ ನಿಂತೇ ಹೋಯಿತು. ಉಸಿರಿನ ಮೇಲೆ ಕಣ್ಣಿಟ್ಟಿದ್ದೇವೆ, ಹೊಟ್ಟೆಗೆ ಏನಾದರೂ ಹೋದರೆ ಒಳ್ಳೆಯದು ಎಂದು ಅವಳ ಸಹೋದ್ಯೋಗಿಯೊಬ್ಬರು ನನಗೆ ಫೋನು ಮಾಡಿ ಹೇಳಿದರು. ವೈದ್ಯರು ಅಷ್ಟು ಮೆತ್ತಗೆ ಮಾತಾಡುವುದು ಒಳ್ಳೆಯ ಲಕ್ಷಣವಲ್ಲ.

ಆ ಸಂಜೆ ಅವಳ ದನಿ ಸಂದೇಶ ಬಂತು. ನಡುನಡುವೆ ಕೆಮ್ಮು. "ಏನೂ ತಿನ್ನೋಕಾಗ್ತಿಲ್ಲ ಕಣೋ. ಅನ್ನ ಹತ್ತಿ ಅಗಿದ ಹಾಗಿರುತ್ತೆ, ಸಾರು ಬಿಸಿನೀರು. ಒಂದೇ ಒಂದು ನೆನಪಾಗ್ತಿದೆ, ಆ ಗೆಣಸಿನದು. ರುಚಿ ಗೊತ್ತಾಗ್ದಿದ್ರೂ ಪರವಾಗಿಲ್ಲ, ಹಲ್ಲಿಗೆ ಕರುಂ ಅಂತಾದ್ರೂ ಗೊತ್ತಾಗುತ್ತಲ್ಲ."

ಫ್ರಿಜ್ಜಿನ ಬಾಗಿಲ ಹಿಂದೆ ಬಳೆ ಸದ್ದಾಯಿತು. "ಅಳಿಯಂದ್ರನ್ನ ಕಣೋ ಅಂತಾಳಲ್ಲ" ಎಂದು ಅತ್ತೆ ಮೊಸರಿನ ಡಬ್ಬಿಗೆ ಹೇಳಿಕೊಂಡರು. ಆಮೇಲೆ ಫ್ರಿಜ್ಜು ಟೀಂ ಟೀಂ ಎಂದರೂ ಬಾಗಿಲು ಮುಚ್ಚಲಿಲ್ಲ.

ಆ ಗೆಣಸಿನದು ಎಂದರೆ ಕೊರಿಯಾದವರ ಗೆಣಸಿನ ಪ್ಯಾನ್‌ಕೇಕ್. ನಮ್ಮ ಮೇಲಿನ ಮಹಡಿಯಲ್ಲಿದ್ದ ಕೊರಿಯಾದ ಹೆಂಗಸೊಬ್ಬರು ನನ್ನ ಹೆಂಡತಿಗೆ ಕಲಿಸಿಕೊಟ್ಟಿದ್ದರು. ಕೊರೋನಾ ಶುರುವಾಗುತ್ತಲೇ ಅವರು ಊರಿಗೆ ಹೊರಟುಹೋಗಿದ್ದರು. ಹೆಂಡತಿ ಎಷ್ಟೋ ಶನಿವಾರ ಅದನ್ನು ಮಾಡಿ ಹಾಕಿದ್ದಳು. ನಾನು ಎಷ್ಟೋ ಶನಿವಾರ ಫೋನು ನೋಡುತ್ತ ತಿಂದಿದ್ದೆ. ಅದರಲ್ಲಿ ಏನೇನಿರುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೆನೇ? ಗೆಣಸು ಇರುತ್ತದೆ ಎಂಬುದೂ ಹೆಸರಿನಿಂದ ಗೊತ್ತಾದದ್ದು. ಅತ್ತೆಯಂತೂ ಅದನ್ನು ಕಂಡೇ ಇರಲಿಲ್ಲ.

ಮರುದಿನ ಮಾಸ್ಕು ಹಾಕಿಕೊಂಡು ಹೊರಟೆ. ಆಗ ಮನೆಗೊಬ್ಬರು ಮಾತ್ರ ಸಾಮಾನಿಗೆ ಹೋಗಬಹುದಿತ್ತು. ತರಕಾರಿ ಅಂಗಡಿಯ ತಮಿಳು ಅಮ್ಮ "ಕಿಳಂಗಾ ತಂಬಿ? ಎಂದ ಕಲರ್?" ಎಂದು, ಯಾವ ಬಣ್ಣದ ಗೆಣಸು ಬೇಕೆಂದು ಕೇಳಿದರು. ಗೆಣಸಿಗೆ ಕಲರ್ ಇರುತ್ತದೆಂದು ನನಗೇನು ಗೊತ್ತು? ನೇರಳೆ ಬಣ್ಣದ್ದು ಚಂದ ಕಂಡಿತು. ಫೋಟೋ ತೆಗೆದು ಮನೆಗೆ ಕಳಿಸಿದೆ. ಪುಟ್ಟಿಯ ಉತ್ತರ ಬಂತು: "ಅಜ್ಜಿ ಸೇಸ್ ಡೋಂಟ್ ಬ್ರಿಂಗ್ ಬೀಟ್‌ರೂಟ್." ಹಳದಿಯದು ತೆಗೆದುಕೊಂಡು ಬಂದೆ.

ಬಂದವನೇ ಪುಟ್ಟಿಯ ಕೈಲಿ ಹೇಳಿ ಕಳಿಸಿದೆ. ಗೆಣಸು, ಹಿಟ್ಟು, ನೀರು, ಉಪ್ಪು, ಕಲಸಿ ಕಾವಲಿ ಮೇಲೆ ಬೇಯಿಸುವುದು ಎಂದು ಅಜ್ಜಿಗೆ ಹೇಳು. ಇದು ನಾಲ್ಕು ವಾಕ್ಯವಾಗುತ್ತದೆಂದು ಪುಟ್ಟಿ ಲೆಕ್ಕ ಹಾಕಿದಳು. ಆನ್‌ಲೈನ್ ಕ್ಲಾಸಿಗೆ ಹೊತ್ತಾಗಿತ್ತೋ ಏನೋ, ಅಜ್ಜಿಯ ಬಳಿ ಓಡಿ ಎಲ್ಲವನ್ನೂ ಒಂದೇ ವಾಕ್ಯಕ್ಕೆ ಇಳಿಸಿದಳು: "ಅಜ್ಜೀ, ಅಪ್ಪಾ ವಾಂಟ್ಸ್ ಸ್ವೀಟ್ ಪೊಟೇಟೋ ದೋಸೆ."

ದೋಸೆ ಎಂದ ಮೇಲೆ ಅತ್ತೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಿ ನೆನೆಹಾಕಿದರು, ಉದ್ದು ನೆನೆಹಾಕಿದರು, ನಾಲ್ಕು ಕಾಳು ಮೆಂತ್ಯ ಹಾಕಿದರು. ರುಬ್ಬಿ, ಗೆಣಸು ತುರಿದು ಸೇರಿಸಿ, ಹಿಟ್ಟನ್ನು ಹುದುಗಲು ಇಟ್ಟರು. ಮೈಸೂರಿನ ಚಳಿಗಾಲಕ್ಕೆ ಹಿಟ್ಟು ಇಡುವ ಕೈ ಅದು. ಪೆನಾಂಗಿನ ಸೆಕೆ ಅವರ ಲೆಕ್ಕದಲ್ಲಿರಲಿಲ್ಲ. ಬೆಳಗ್ಗೆ ಎದ್ದು ಬಂದು ನೋಡುತ್ತೇನೆ, ಹಿಟ್ಟು ಪಾತ್ರೆಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಗೆ ಬಂದು ಕಟ್ಟೆಯೆಲ್ಲ ಹರಿದು, ಮಿಕ್ಸಿಯ ಬುಡ ಬಳಸಿ, ಚಾರ್ಜಿಗಿಟ್ಟ ನನ್ನ ಆಫೀಸಿನ ಫೋನಿನ ಬಳಿಗೆ ಬಂದು ನಿಂತಿದೆ. ಗೆಣಸು ಕಪ್ಪಿಟ್ಟು ಹಿಟ್ಟು ಸಿಮೆಂಟಿನ ಬಣ್ಣಕ್ಕೆ ತಿರುಗಿದೆ.

ಫ್ರಿಜ್ಜಿನ ಬಾಗಿಲು ತೆರೆಯಿತು. "ಹಿಟ್ಟು ಚೆನ್ನಾಗಿ ಹುದುಗು ಬಂದಿದೆ" ಎಂದು ಹೆಮ್ಮೆಯ ದನಿ ಕೇಳಿಸಿತು.

ದೋಸೆಯೇನೋ ಹತ್ತಿಯಂತೆ ಬಂತು. ಚಟ್ನಿಯ ಜೊತೆ ನಾನು ಆರು ತಿಂದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಹತ್ತಿಯಂಥದ್ದು ಬೇಡವೆಂದೇ ಅಲ್ಲವೇ ಅವಳು ಗೋಳಾಡಿದ್ದು? ಅವಳಿಗೆ ಬೇಕಾದದ್ದು ಕರುಂ. ಆಸ್ಪತ್ರೆಯ ಗೇಟಿನ ಕೌಂಟರಿನಲ್ಲಿ ರೋಗಿಗಳಿಗೆ ಕೊಡಬೇಕಾದ್ದನ್ನು ಸಂಜೆ ನಾಲ್ಕರೊಳಗೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಆ ದಿನದ ನಾಲ್ಕು ಗಂಟೆ ಹಾಗೇ ದಾಟಿ ಹೋಯಿತು.

ಅದರ ಮರುದಿನ ವಿಡಿಯೋ ಹುಡುಕಿದೆ. ಕೊರಿಯಾದ ಅಜ್ಜಿಯೊಬ್ಬರು ಮಾತಾಡುತ್ತಲೇ ಮಾಡುತ್ತಿದ್ದರು. ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಗೆಣಸಿನ ಸಿಪ್ಪೆ ತೆಗೆದು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚುವುದು, ಒಂದಿಷ್ಟು ಮೈದಾ, ಅದರರ್ಧ ಕಾರ್ನ್‌ಫ್ಲೋರು, ಉಪ್ಪು, ಫ್ರಿಜ್ಜಿನ ತಣ್ಣೀರು. ಹಿಟ್ಟು ಗೆಣಸಿಗೆ ಅಂಟುವಷ್ಟಿದ್ದರೆ ಸಾಕು. ಎಣ್ಣೆ ಬಿಟ್ಟ ಕಾವಲಿಯ ಮೇಲೆ ತೆಳ್ಳಗೆ ಹರಡಿ ಎರಡು ಕಡೆಯೂ ಕೆಂಪಗೆ ಕರಿಯುವುದು. ಇಷ್ಟೇ! ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ನಾನು ಈ ಕಡೆಯಿಂದ ನೋಡಿದೆ. ಅತ್ತೆ ಫ್ರಿಜ್ಜಿನ ಬಾಗಿಲಿನ ಅಂಚಿನಿಂದ ಒಂದು ಕಣ್ಣಿನಲ್ಲಿ ನೋಡಿದರು.

"ಹುದುಗೋದೇ ಬೇಡ್ವಂತಾ? ಇದೆಂಥ ಅವಸರದ ಜನ" ಎಂದಿತು ಫ್ರಿಜ್ಜು.

ಕೆಲಸ ಹಂಚಿಕೆಯಾಯಿತು, ಮಾತಿಲ್ಲದೆಯೇ. ನಾನು ಹೆಚ್ಚಿ ಇಟ್ಟು ಸೋಫಾದ ಕಡೆ ಸರಿಯುವುದು, ಅವರು ಬಂದು ಕಲಸುವುದು. ಅವರು ಸರಿದಾಗ ನಾನು ಹೋಗಿ ಪಾತ್ರೆ ನೋಡುವುದು. ದೇವರು, ಪೂಜಾರಿ ಇಬ್ಬರೂ ಸರದಿಯ ಮೇಲೆ ಗರ್ಭಗುಡಿಗೆ ಹೋಗುತ್ತಿದ್ದೆವು. ನಾನು ಹೆಚ್ಚಿದ ಮೇಲೆ ಒಂದು ಚಮಚ ಉಪ್ಪು ಹಾಕಿದ್ದೆ. ಗಂಡಸರಿಗೆ ಅದೆಲ್ಲ ಎಲ್ಲಿ ಹೊಳೆಯುತ್ತದೆ ಎಂದುಕೊಂಡ ಅತ್ತೆ ಕಲಸುವಾಗ ಒಂದು ಚಮಚ ಹಾಕಿದರು. ಅವರು ಹಾಕಿರಲಿಕ್ಕಿಲ್ಲ ಎಂದು ನಾನು ಮತ್ತೆ ಅರ್ಧ ಹಾಕಿದೆ. 'ಉಪ್ಪು ಹಾಕಿದ್ರಾ' ಎಂದು ಕೇಳಲು ಮಧ್ಯಸ್ಥಿಕೆಯವಳು ಬೇಕಲ್ಲ? ಪುಟ್ಟಿ ಗಣಿತದ ಕ್ಲಾಸಿನಲ್ಲಿ ಮ್ಯೂಟ್ ಆಗಿದ್ದಳು.

ಮೊದಲನೆಯದು ಕಾವಲಿಯಿಂದ ಇಳಿಯಿತು. ಹೊಂಬಣ್ಣ, ಮುರಿದರೆ ಕರುಂ. ನಾನು ಬಾಯಿಗೆ ಹಾಕಿಕೊಂಡೆ. ನಮ್ಮ ಬಾಲ್ಕನಿಯಿಂದ ದೂರಕ್ಕೆ ಕಾಣುವ ಸಮುದ್ರ ಪೂರ್ತಿ ಒಳಗಿತ್ತು. ಕಣ್ಣಲ್ಲಿ ನೀರು ಬಂತು. ಅತ್ತೆ ಆ ಕಡೆ ತಿರುಗಿ ಒಂದು ಚೂರು ತಿಂದು, ಸಿಂಕಿನ ಬಳಿ ಹೋಗಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದರು. ಗೆಣಸೂ ಮುಗಿದಿತ್ತು, ನಾಲ್ಕು ಗಂಟೆಯೂ ದಾಟಿತ್ತು. ಕ್ಲಾಸು ಮುಗಿಸಿ ಬಂದ ಪುಟ್ಟಿ ರುಚಿ ನೋಡಿ, "ಅಮ್ಮಾ ಈಸ್ ಲಕ್ಕಿ ಲಾ, ಶೀ ಕಾಂಟ್ ಟೇಸ್ಟ್" ಎಂದಳು. ನಮಗಿಬ್ಬರಿಗೂ ನಗು ಬರಲಿಲ್ಲ.

ಮಾರನೇ ದಿನ ಬೆಳಗ್ಗೆ ನಾನು ಗೆಣಸು ತಂದು ಹೆಚ್ಚಲು ಕೂತಿದ್ದೆ. ಹೆಂಡತಿ ಅಮ್ಮನಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿತ್ತು. "ಅಮ್ಮಾ, ಏನೂ ಮಾಡ್ಬೇಡಿ. ತಿನ್ನೋಕೆ ಮನಸ್ಸೇ ಇಲ್ಲ. ಮಲಗ್ತೀನಿ" ಎಂದಳು, ಅಷ್ಟೇ. ಆ ಮೂರು ಮಾತಿನ ನಡುವೆ ನಾಲ್ಕು ಸಲ ಉಸಿರು ತೆಗೆದುಕೊಂಡಳು. ನಾನು ಎಣಿಸಿದೆ. ಅತ್ತೆಯೂ ಎಣಿಸಿದರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಂದರೆ, ಅವರ ಮುಖ ನನಗೆ ಕಾಣುತ್ತಿತ್ತು. ಫೋನಿಡುವ ಗಡಿಬಿಡಿಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯುವುದನ್ನೇ ಅವರು ಮರೆತಿದ್ದರು.

ಕೆಲಸ ಸಾಗಿತು. ನಾನು ಹೆಚ್ಚಿದ ಗೆಣಸನ್ನು ಪಾತ್ರೆಗೆ ಹಾಕಿದೆ. ಅವರು ಮೈದಾ ಹಾಕಿದರು. ತಣ್ಣೀರಿಗೆಂದು ಫ್ರಿಜ್ಜು ತೆಗೆದವರು ಅಭ್ಯಾಸದಂತೆ ಬಾಗಿಲ ಹಿಂದೆ ನಿಂತರು. ಟೀಂ ಟೀಂ ಶುರುವಾಯಿತು. ಆಗ ಅವರು ಬಾಗಿಲನ್ನು ಮುಚ್ಚಿದರು. ಮುಚ್ಚಿ, ನನ್ನ ಎದುರಿಗೆ ಬಂದು ನಿಂತು, ನನ್ನ ಮುಖ ನೋಡಿದರು.

"ಉಪ್ಪು ಹಾಕಿದ್ರಾ?"

ಹನ್ನೆರಡು ವರ್ಷ! ಪುಟ್ಟಿಗಲ್ಲ, ಮೊಸರಿನ ಡಬ್ಬಿಗಲ್ಲ, ನನಗೇ ಕೇಳಿದ್ದು. ನನ್ನ ಕೈಯಲ್ಲಿದ್ದ ಚಾಕು ಜಾರಿತು. ಏನಾದರೂ ದೊಡ್ಡದಾಗಿ ಉತ್ತರಿಸಬೇಕೆನಿಸಿತು. ಬಾಯಿಂದ ಬಂದದ್ದು ಹಳೆಯ ಅದೇ ಸರಕು.

"ಹೂಂ" ಎಂದೆ.

ಹಾಕಿರಲಿಲ್ಲ. ಹಿಂದಿನ ದಿನದ ಭಯಕ್ಕೆ ಉಪ್ಪಿನ ಡಬ್ಬಿಯನ್ನು ಮುಟ್ಟಿಯೇ ಇರಲಿಲ್ಲ. ಇಲ್ಲ ಎಂದು ತಿದ್ದಿಕೊಳ್ಳಬಹುದಿತ್ತು. ಆದರೆ ಅವರು ಆಗಲೇ ತಲೆಯಾಡಿಸಿ ಕಾವಲಿಯ ಕಡೆ ತಿರುಗಿದ್ದರು. ಅವರು ನನ್ನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆಗೇ ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳುವ ಧೈರ್ಯ ಯಾವ ಅಳಿಯನಿಗಿದೆ?

ಹತ್ತು ಪ್ಯಾನ್‌ಕೇಕುಗಳು ಕೆಂಪಗೆ ಕರಿದು ಬಂದವು. ರುಚಿ ನೋಡಿದರೆ ಎಂಜಲಾಗುತ್ತದೆಂದು ಅತ್ತೆ ಯಾರಿಗೂ ಮುಟ್ಟಗೊಡಲಿಲ್ಲ. ಮೆತ್ತಗಾಗದಿರಲೆಂದು ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದಿಟ್ಟು, ಪಕ್ಕದ ಸೀಟಿನ ಮೇಲಿಟ್ಟುಕೊಂಡು ಕಾರು ಓಡಿಸಿದೆ. ದಾರಿಯಲ್ಲಿ ಪೊಲೀಸರ ತಡೆ. ಯುವ ಪೊಲೀಸಿನವನು ಬಗ್ಗಿ ನೋಡಿದ. ನನ್ನ ಇಂಗ್ಲಿಷೆಲ್ಲ ಆ ಹೊತ್ತಿಗೆ ಎಲ್ಲಿಗೆ ಹೋಗಿತ್ತೋ! "ಹಾಸ್ಪಿಟಲ್. ವೈಫ್. ಪ್ಯಾನ್‌ಕೇಕ್" ಎಂದೆ. ಅವನು ಡಬ್ಬಿ ನೋಡಿದ, ನನ್ನ ಮುಖ ನೋಡಿದ. "ಗೋ ಲಾ, ಗೋ. ಕೋಲ್ಡ್ ಆಲ್ರೆಡಿ, ನಾಟ್ ನೈಸ್" ಎಂದು ಕೈ ಬೀಸಿದ. ಮೂರೂ ಮುಕ್ಕಾಲಿಗೆ ಕೌಂಟರಿನಲ್ಲಿ ಡಬ್ಬಿ ಕೊಟ್ಟೆ. ಮೇಲೆ ಯಾವ ಕಿಟಕಿ ಅವಳದೆಂದು ಗೊತ್ತಿರಲಿಲ್ಲ. ಎಲ್ಲ ಕಿಟಕಿಗೂ ಒಮ್ಮೆ ಕೈ ಬೀಸಿ ಬಂದೆ.

ಐದೂವರೆಗೆ ಫೋನು ಬಂತು. ಮೂವರೂ ಮೇಜಿನ ಸುತ್ತ ನಿಂತೆವು. ಆ ಕಡೆಯಿಂದ ಮೊದಲು ಕೇಳಿಸಿದ್ದು ಕರುಂ ಸದ್ದು. ಆಮೇಲೆ ಅವಳ ದನಿ.

"ಅಮ್ಮಾ, ಏನಮ್ಮಾ ಇದು, ಬರೀ ಸಿಹಿ. ಉಪ್ಪೇ ಹಾಕಿಲ್ವಲ್ಲ!"

ಅತ್ತೆ ತಟ್ಟನೆ ನನ್ನ ಕಡೆ ತಿರುಗಿದರು. ಮೂವತ್ತು ವರ್ಷದ ಟೀಚರ ನೋಟ ಅದು. ಹೋಮ್‌ವರ್ಕ್ ಮಾಡದ ಹುಡುಗನಂತೆ ತಲೆ ತಗ್ಗಿಸಿದೆ. ಅತ್ತೆಯ ಕೈ ಮೇಜನ್ನು ಹಿಡಿದುಕೊಂಡಿತು.

"ಉಪ್ಪಿಲ್ಲ ಅಂತ ಗೊತ್ತಾಯ್ತೇನೇ ನಿಂಗೆ?" ಎಂದು ಕೇಳಿದರು.

ಆ ಕಡೆ ಅಗಿಯುವ ಸದ್ದು ನಿಂತಿತು.

"ಸಿಹಿ ಅಂದ್ಯಲ್ಲೇ. ಸಿಹಿ ಗೊತ್ತಾಗ್ತಿದ್ಯಾ?"

"ಹೌದಲ್ಲಮ್ಮಾ" ಎಂದಳು ಅವಳು. ಅಷ್ಟು ಹೇಳಿ ಅಳಲು ಶುರು ಮಾಡಿದಳು, ಅಳುತ್ತಲೇ ಅಗಿಯುತ್ತಿದ್ದಳು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಪುಟ್ಟಿ ಗಾಬರಿಯಾಗಿ, ಜೀವನದಲ್ಲಿ ಮೊದಲ ಸಲ ಯಾವ ದರವನ್ನೂ ಕೇಳದೆ, ಅಚ್ಚ ಕನ್ನಡದಲ್ಲಿ ಹೇಳಿದಳು: "ಅಜ್ಜೀ, ಅಳಬೇಡ. ಅಮ್ಮ ತಿಂತಿದ್ದಾಳೆ."

ಹೆಂಡತಿ ಹನ್ನೆರಡು ದಿನದ ಮೇಲೆ ಮನೆಗೆ ಬಂದಳು. ಅವಳು ಬಂದದ್ದೇ ತಡ, ಅತ್ತೆ ಮತ್ತೆ ಫ್ರಿಜ್ಜಿನ ಬಾಗಿಲ ಹಿಂದೆ ಸರಿದರು. ವಿಮಾನ ಶುರುವಾಗಿ ಮೈಸೂರಿಗೆ ಹೊರಡುವವರೆಗೂ ಅಲ್ಲೇ ಇದ್ದರು. ಈಗಲೂ ಫೋನಿನಲ್ಲಿ 'ನಿಮ್ಮನೆಯವರು ಚೆನ್ನಾಗಿದ್ದಾರಾ' ಎಂದು ಮಗಳನ್ನೇ ಕೇಳುತ್ತಾರೆ. ನಾನು ಮತ್ತೆ ವಿಷ್ಣುವಾಗಿದ್ದೇನೆ. ಗೆಳೆಯರು ಮತ್ತೆ ಕೈ ಕುಲುಕುತ್ತಾರೆ.

ಆದರೆ ಆ ಸಂಜೆ, ಫೋನಿಟ್ಟ ಮೇಲೆ, ಪುಟ್ಟಿ ಕಾರ್ಟೂನಿಗೆ ಓಡಿದ ಮೇಲೆ, ಅತ್ತೆ ಉಳಿದಿದ್ದ ಗೆಣಸನ್ನು ಹೆಚ್ಚಿದರು. ಕಲಸಿದರು. ಈ ಸಲ ನನ್ನನ್ನು ಕೇಳದೆ ತಾವೇ ಉಪ್ಪು ಹಾಕಿ ನಾಲ್ಕು ಪ್ಯಾನ್‌ಕೇಕು ಮಾಡಿದರು. ಎರಡನ್ನು ನನ್ನ ತಟ್ಟೆಗೆ ಹಾಕಿದರು. ಎರಡನ್ನು ಇನ್ನೊಂದು ತಟ್ಟೆಗೆ ಹಾಕಿಕೊಂಡು, ಕುರ್ಚಿ ಎಳೆದು, ನನ್ನ ಎದುರು ಕೂತರು.

"ಬೆಳಗ್ಗಿಂದ ನೀವೂ ಏನೂ ತಿಂದಿಲ್ಲ. ತಿನ್ನಿ" ಎಂದರು.

ನಾನು ತಿನ್ನಲು ಶುರು ಮಾಡಿದೆ. ತುತ್ತು ತುತ್ತಿಗೂ ಫೋನಿನ ಕಡೆ ಕಣ್ಣು ಹೋಗುತ್ತಿತ್ತು. ಅದನ್ನು ಅವರು ನೋಡಿದರು. ಇಷ್ಟು ದಿನ ಎಲ್ಲರೂ ಅವಳು ಹೇಗಿದ್ದಾಳೆ ಎಂದು ಕೇಳಿದ್ದರು, ಪುಟ್ಟಿ ಹೇಗಿದ್ದಾಳೆ, ಅತ್ತೆ ಹೇಗಿದ್ದಾರೆ ಎಂದು ಕೇಳಿದ್ದರು. ದೇವರನ್ನು ಯಾರೂ ಕೇಳಿರಲಿಲ್ಲ.

"ತುಂಬಾ ಹೆದರಿದ್ರಾ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ಹೂಂ" ಎಂದೆ. ಆ ಹೂಂ ನಿಜವಾಗಿತ್ತು.